ಸಮೇರಿಯಂ ಯಾಕೆ ಮೂರನೇ ಪುಟದಲ್ಲಿದೆ?

ಮೇಷ್ಟ್ರೇ, ನಮಸ್ಕಾರ.

ರೇರ್ ಅರ್ಥ್ ಧಾತುಗಳ ನ್ಯೂಕ್ಲಿಯಸ್ ಯಾಕೆ ದುಂಡಗಿಲ್ಲ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ವಾಪಸ್ ಕಳಿಸಲೂ ಮನಸ್ಸಿಲ್ಲ.

ಮೊದಲ ಎರಡು ಪುಟ ಕಣಾದನಿಂದ ರದರ್‌ಫರ್ಡ್‌ವರೆಗಿನ ಚರಿತ್ರೆ. ಸುಮ್ನೆ ತೆಗೆದುಬಿಡಿ. ಲೇಖನ ಶುರುವಾಗುವುದೇ ಮೂರನೇ ಪುಟದಲ್ಲಿ ಸಮೇರಿಯಂ ಎಂಬ ರೇರ್ ಅರ್ಥ್ ಧಾತು ಬಂದಾಗ. ಅದನ್ನು ನೀವು "ನ್ಯೂಟ್ರಾನ್ ಹೆಚ್ಚಿದಂತೆ ಆಕಾರ ಬದಲಾಗುತ್ತದೆ" ಎಂದು ಒಂದೇ ಸಾಲಲ್ಲಿ ಮುಗಿಸಿದ್ದೀರಿ. ಕಥೆ ಇರುವುದೇ ಅಲ್ಲಿ ಅಲ್ವಾ?

ಸಮೇರಿಯಂ-144ರಲ್ಲಿ (144 ಅಂದರೆ ಪ್ರೋಟಾನ್, ನ್ಯೂಟ್ರಾನ್ ಎರಡೂ ಸೇರಿದ ಲೆಕ್ಕ) 82 ನ್ಯೂಟ್ರಾನ್. ಅದು ಮ್ಯಾಜಿಕ್ ಸಂಖ್ಯೆ, ಅಂದರೆ ನ್ಯೂಟ್ರಾನ್‌ಗಳು ಕೂರುವ ಶಕ್ತಿಮಟ್ಟಗಳ ಗುಂಪು, ಕವಚ, ಪೂರ್ತಿ ಭರ್ತಿ. ಆ ನ್ಯೂಕ್ಲಿಯಸ್ಸನ್ನು ತಳದಿಂದ ಶಕ್ತಿಯ ಮೊದಲ ಮೆಟ್ಟಿಲು ಹತ್ತಿಸಲು ಸುಮಾರು 1660 ಕಿಲೋ ಎಲೆಕ್ಟ್ರಾನ್ ವೋಲ್ಟ್ ಬೇಕು. 88 ನ್ಯೂಟ್ರಾನ್ ಇರುವ ಸಮೇರಿಯಂ-150ಕ್ಕೆ 334 ಸಾಕು. ಇನ್ನೆರಡು ನ್ಯೂಟ್ರಾನ್ ಸೇರಿಸಿ, ಬರೀ 122! ಸಮೇರಿಯಂ-154ಕ್ಕೆ 82 ಕಿಲೋ ಎಲೆಕ್ಟ್ರಾನ್ ವೋಲ್ಟ್. ಇದರ ಮುಂದಿನ ಮೆಟ್ಟಿಲು ತಳದಿಂದ 267. 267ನ್ನು 82ರಿಂದ ಭಾಗಿಸಿದರೆ 3.26. ಉದ್ದನೆಯ ಗಟ್ಟಿ ವಸ್ತು ತಿರುಗುತ್ತಿದ್ದರೆ 3.33 ಬರಬೇಕು; ಹತ್ತಿರ ಹತ್ತಿರ ಅದೇ, ಅಂದರೆ ಇದು ಉದ್ದನೆಯ ನ್ಯೂಕ್ಲಿಯಸ್. ಓದುಗರೇ ಲೆಕ್ಕ ಮಾಡಿ ನೋಡಲಿ, ಖುಷಿಪಡುತ್ತಾರೆ. ಪೂರ್ತಿ ದುಂಡಗಿರುವ ನ್ಯೂಕ್ಲಿಯಸ್‌ಗೆ ಇಂಥ ತಿರುಗಾಟದ ಮೆಟ್ಟಿಲುಗಳೇ ಇಲ್ಲ ಎಂದು ಐದನೇ ಪುಟದಲ್ಲಿ ಚೆನ್ನಾಗಿ ಬರೆದಿದ್ದೀರಿ. ಅದನ್ನು ಇಲ್ಲಿಗೆ ತನ್ನಿ.

ಒಂದು ತಪ್ಪಿದೆ. "ಕವಚ ತುಂಬಿದಾಗ ನ್ಯೂಕ್ಲಿಯಸ್ ಉದ್ದವಾಗುತ್ತದೆ" ಎಂದಿದ್ದೀರಿ. ಅದು ಉಲ್ಟಾ. ತುಂಬಿದರೆ ದುಂಡಗೆ. ಭರ್ತಿಯಾಗದ ಕವಚದ ಕಣಗಳು ಒಳಗಿನ ತಿರುಳನ್ನು ಎಳೆದು ಆಕಾರ ಕೆಡಿಸುತ್ತವೆ. 1950ರಲ್ಲಿ ಭೌತವಿಜ್ಞಾನಿ ರೇನ್‌ವಾಟರ್ ಕೊಟ್ಟ ಸುಳಿವು ಇದೇ. ಓಗೆ ಬೋರ್, ಮೊಟೆಲ್ಸನ್ ಅದನ್ನು ಬೆಳೆಸಿದರು. 1975ರಲ್ಲಿ ಮೂವರಿಗೂ ನೊಬೆಲ್. ನೀವು ನೊಬೆಲ್‌ಗೇ ಅರ್ಧ ಪುಟ ಕೊಟ್ಟಿದ್ದೀರಿ, ಭೌತವಿಜ್ಞಾನಿ ನಿಲ್ಸನ್ ಹೆಸರೇ ಇಲ್ಲ! ಆಕಾರ ಉದ್ದವಾದಾಗ ಕವಚದ ಮಟ್ಟಗಳು ಹೇಗೆ ಒಡೆದು ಮೇಲೆ ಕೆಳಗೆ ಸರಿಯುತ್ತವೆ ಎಂದು 1955ರಲ್ಲಿ ಲೆಕ್ಕ ಹಾಕಿ ತೋರಿಸಿದ್ದು ಅವರು. ಅವರನ್ನು ಬಿಟ್ಟು ಕವಚದ ಮಾತಾಡುವುದು ಹೇಗೆ?

ಇನ್ನು ಹೋಲಿಕೆಗಳು. ಒಂದೇ ಪ್ಯಾರಾದಲ್ಲಿ ಮೊಟ್ಟೆ, ರಗ್ಬಿ ಚೆಂಡು, ಸೌತೆಕಾಯಿ. ಸೌತೆಕಾಯಿ ತೀರಾ ಉದ್ದ ಆಯಿತು. ಈ ನ್ಯೂಕ್ಲಿಯಸ್‌ಗಳ ಉದ್ದ ಅಗಲಕ್ಕಿಂತ ಸುಮಾರು ಮೂರನೇ ಒಂದು ಭಾಗ ಜಾಸ್ತಿ, ಅಷ್ಟೇ. ಮೊಟ್ಟೆಗೆ ಒಂದು ತುದಿ ಚೂಪು, ಇವುಗಳ ಎರಡೂ ತುದಿ ಒಂದೇ ಥರ. ನೇರಳೆ ಹಣ್ಣು ಆಗಬಹುದೇನೋ, ನೋಡಿ. ಯಾವುದಾದರೂ ಒಂದೇ ಇರಲಿ.

ಆರು ಪುಟವನ್ನು ಮೂರಕ್ಕೆ ಇಳಿಸಿ, ಆ 1660ರಿಂದಲೇ ಶುರು ಮಾಡಿ ಕಳಿಸಿ. ಮೆಟ್ಟಿಲುಗಳ ಚಿತ್ರ ನಾವು ಬರೆಸುತ್ತೇವೆ.