ಅತ್ತೆಗೆ ಮಾತ್ರೆ ಚೀಟಿ ಹೆಂಗೆ ಬರೆದುಕೊಡ್ಲಿ?

ಪ್ರಶ್ನೆ: ಮೇಡಂ, ನಮ್ಮತ್ತೆಗೆ 70 ದಾಟಿದೆ, ಶುಗರ್ರು, ಬೀಪಿ, ಕೀಲುವಾತ ಮೂರಕ್ಕೂ ಮಾತ್ರೆ ನಡೀತಿದೆ. ಮೈಸೂರಲ್ಲಿ ಅಡ್ಮಿಟ್ ಆಗಿದ್ದಾಗ ಕೊಟ್ಟ ಚೀಟಿ ಪೂರ್ತಿ ಇಂಗ್ಲಿಷು. ನಾನು ಎಲ್ಲಾ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿದೀನಿ, ಅವ್ರು ಪೇಪರ್ ಓದ್ತಾರೆ, ಆದ್ರೂ ದಿನಾ ‘ಯಾವ್ದವ್ವ ಈಗ’ ಅಂತಾರೆ. ನಾನು ಹಗಲೆಲ್ಲ ಕೆಲಸಕ್ಕೆ ಹೋಗ್ತೀನಿ, ಭಯ ಆಗುತ್ತೆ.
– ಓದುಗರು, ಮಂಡ್ಯ

ಉತ್ತರ: ನೀವು ಚೀಟೀಲಿದ್ದ ಹಾಗೇ ಮಾತ್ರೆ ಹೆಸ್ರು, ಮುಂದೆ 1-0-1 ಅಂತ ಬರ್ದಿರ್ಬೇಕು. 1-0-1 ಅಂದ್ರೆ ಬೆಳಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಅಂತ ನಮಗೆ ಗೊತ್ತು, ಅವ್ರಿಗೆ ಹೆಂಗೆ ಗೊತ್ತಾಗ್ಬೇಕು? ಅತ್ತೆ ದಿನ ಹೆಂಗೆ ಸಾಗುತ್ತೋ ಹಂಗೇ ಬರೀರಿ. ‘ಬೆಳಗ್ಗೆ ತಿಂಡಿ ಆದ್ಮೇಲೆ’ ಅಂತ ಮೇಲೆ ಬರೆದು ಅದ್ರ ಕೆಳಗೆ ಆಗ ನುಂಗೋ ಮಾತ್ರೆ ಮಾತ್ರ, ಆಮೇಲೆ ‘ರಾತ್ರಿ ಮುದ್ದೆ ಉಂಡ್ಮೇಲೆ’. ಪ್ರತಿ ಮಾತ್ರೆ ಪಕ್ಕ ಅದು ಯಾತಕ್ಕೆ ಅನ್ನೋದೂ ಇರ್ಲಿ. ಬಿಳಿ ಹಾಳೆ, ದಪ್ಪ ಕಪ್ಪು ಪೆನ್ನು, ದೊಡ್ಡಕ್ಷರ. ವಯಸ್ಸಾದ ಕಣ್ಣಿಗೆ ತೆಳು ನೀಲಿ ಇಂಕು ಸರಿಯಾಗಿ ಕಾಣಲ್ಲ.

ಈಗ ಹೇಳೋದು ತುಂಬಾ ಮುಖ್ಯ. ಕೀಲುವಾತಕ್ಕೆ ಮೆಥೋಟ್ರೆಕ್ಸೇಟ್ ಕೊಟ್ಟಿದಾರಾ, ಇವತ್ತೇ ನೋಡಿ. ಕೀಲುವಾತಕ್ಕೆ ಅದನ್ನ ವಾರಕ್ಕೆ ಒಂದೇ ದಿನ ತಗೊಳೋದು, ದಿನಾ ನುಂಗಿದ್ರೆ ರಕ್ತದ ಕಣಗಳು ಕುಸಿದು ಜೀವಕ್ಕೇ ಅಪಾಯ. ಜೊತೆಗೆ ಕೊಡೋ ಫೋಲಿಕ್ ಆಸಿಡ್ಡೂ ಎಷ್ಟೋ ಸಲ ಅದೇ ಥರ ಹಳದಿ ಪುಟ್ಟ ಮಾತ್ರೆ, ಅದಕ್ಕೇ ಅದಲು ಬದಲಾಗೋದು. ‘ವಾರಕ್ಕೊಮ್ಮೆ’ ಅಂತ ಬರೆದ್ರೆ ಸಾಲಲ್ಲ, ಡಾಕ್ಟ್ರು ಹೇಳಿದ ವಾರದ ಹೆಸ್ರೇ ಬರೀರಿ, ‘ಸೋಮವಾರ ಮಾತ್ರ’ ಅಂತ, ಆ ಡಬ್ಬೀನೂ ಬೇರೆ ಇಡಿ. ಶುಗರ್‌ಗೆ ಗ್ಲಿಮೆಪಿರೈಡ್ ಇದ್ರೆ ಊಟ ಬಿಟ್ಟ ದಿನ, ವಾಂತಿ ಆದ ದಿನ ಏನು ಮಾಡ್ಬೇಕು ಅಂತ ಡಾಕ್ಟ್ರನ್ನೇ ಕೇಳಿ ಅದನ್ನೂ ಬರ್ಕೊಳಿ, ಹೊಟ್ಟೆ ಖಾಲಿ ಇದ್ದಾಗ ಆ ಮಾತ್ರೆ ನುಂಗಿದ್ರೆ ಶುಗರ್ ತೀರಾ ಇಳಿದುಬಿಡ್ಬೋದು.

‘ಉಪ್ಪು ಕಮ್ಮಿ’ ಅಂತ ಬರ್ದಿದ್ರೆ ಹೊಡೆದುಹಾಕಿ. ಎಷ್ಟು ಕಮ್ಮಿ? ವಿಶ್ವ ಆರೋಗ್ಯ ಸಂಸ್ಥೆ (ಡಬ್ಲ್ಯುಎಚ್‌ಒ) ಹೇಳೋದು ದಿನಕ್ಕೆ 5 ಗ್ರಾಂ ಒಳಗೆ, ಅಂದ್ರೆ ಸಾರು, ಪಲ್ಯ ಎಲ್ಲಾ ಸೇರಿ ಒಂದು ಟೀ ಚಮಚಕ್ಕಿಂತ ಕಮ್ಮಿ. ಉಪ್ಪಿನಕಾಯಿ, ಹಪ್ಪಳ ಅಂತ ಹೆಸ್ರು ಹಿಡಿದು ಬರೀರಿ.

ಬರೆದಾದ್ಮೇಲೆ ‘ಅರ್ಥ ಆಯ್ತಾ ಅತ್ತೆ’ ಅಂತ ಕೇಳ್ಬೇಡಿ, ಹೂಂ ಅಂದುಬಿಡ್ತಾರೆ. ‘ನಾನು ಸರಿಯಾಗಿ ಬರ್ದಿದೀನಾ ನೋಡ್ಬೇಕು, ರಾತ್ರಿ ಯಾವ್ದು ತಗೋತೀರ ತೋರ್ಸಿ’ ಅನ್ನಿ. ತಪ್ಪು ತೋರ್ಸಿದ್ರೆ ಹಾಳೇನ ಮತ್ತೆ ಬರೀರಿ, ಅವ್ರನ್ನ ಬೈಬೇಡಿ. ಮೇಲ್ಗಡೆ ತಾರೀಖು ಹಾಕಿ, ಡಾಕ್ಟ್ರು ಮಾತ್ರೆ ಬದಲಾಯಿಸಿದ ದಿನವೇ ಹಳೇ ಹಾಳೆ ಗೋಡೆಯಿಂದ ತೆಗೀರಿ.