ಪ್ರತಿ ಶುಕ್ರವಾರ ಊರಿಗೆ ಹೊರಡುವ ಹುಡುಗ

(ಗುರುತು ಸಿಗದಂತೆ ಹೆಸರು ಮತ್ತು ಕೆಲವು ವಿವರ ಬದಲಿಸಲಾಗಿದೆ.)

ಮಂಜು, 18 ವರ್ಷ. ರಾಯಚೂರು ಕಡೆಯ ಹಳ್ಳಿ, ಹತ್ತರವರೆಗೆ ಕನ್ನಡ ಮಾಧ್ಯಮ. ಸಿಇಟಿಯಲ್ಲಿ ಸೀಟು ಸಿಕ್ಕಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿಗೆ ಬಂದು ಏಳು ವಾರ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕೇಳುವ ಶೇ 85 ಹಾಜರಾತಿಗಿಂತ ಕೆಳಗಿಳಿದಿದ್ದಾನೆಂದು ಮೆಂಟರ್ ಆಪ್ತಸಮಾಲೋಚಕರಾದ ನಮ್ಮ ಬಳಿ ಕಳುಹಿಸಿದ್ದರು. ಅವನು ಹೇಳಿಕೊಂಡದ್ದು ಬೇರೆಯೇ: "ನಾ ಬಾಯಿ ಬಿಟ್ರ ಸಾಕು, ನಗ್ತಾರ್ರಿ ಮೇಡಂ. ಅದಕ್ಕ ಸುಮ್ನಿರ್ತೀನಿ."

ಮೊದಲು ನೋಡಬೇಕಾದದ್ದು ಎರಡು: ರ‍್ಯಾಗಿಂಗ್ ಇದೆಯೇ, ಖಿನ್ನತೆ ಇದೆಯೇ. ಸೀನಿಯರ್‌ಗಳ ಕಾಟ ಇರಲಿಲ್ಲ. ಪಿಎಚ್‌ಕ್ಯೂ-9 ಎಂಬ ಖಿನ್ನತೆ ಅಳೆಯುವ ಪ್ರಶ್ನಾವಳಿಯಲ್ಲಿ 27ಕ್ಕೆ 7 ಬಂತು. 10 ದಾಟಿದ್ದರೆ ಮನೋವೈದ್ಯರ ಬಳಿ ಕಳಿಸುತ್ತಿದ್ದೆವು. ಸಾಯುವ ಯೋಚನೆ ಇದೆಯೇ ಎಂದು ನೇರವಾಗಿಯೇ ಕೇಳಲಾಯಿತು, ಇಲ್ಲವೆಂದ. ಆದರೂ ರಾತ್ರಿ ಹೊತ್ತಿಗೆ ಬೇಕಾದೀತೆಂದು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ ಸಂಖ್ಯೆ 14416 ಬರೆದುಕೊಟ್ಟೆವು.

ಏಳು ದಿನ ಚಿಕ್ಕ ನೋಟ್‌ಬುಕ್ಕಿನಲ್ಲಿ ಎಲ್ಲಿದ್ದ, ಯಾರೊಂದಿಗೆ ಎಷ್ಟು ಹೊತ್ತು ಮಾತಾಡಿದ ಎಂದಷ್ಟೇ ಬರೆಯಲು ಹೇಳಿದೆವು. ರೋಗವೆಲ್ಲ ಅದರಲ್ಲೇ ಸಿಕ್ಕಿತು. ಎಲ್ಲರೂ ಉಂಡೆದ್ದ ಮೇಲೆ, ರಾತ್ರಿ ಒಂಬತ್ತೂಕಾಲಕ್ಕೆ, ಪಾತ್ರೆಯ ತಳ ಕೆರೆಯುವ ಹೊತ್ತಿಗೆ ಮೆಸ್ಸಿಗೆ ಹೋಗುತ್ತಾನೆ. ಬ್ರೇಕ್ ಬಿಟ್ಟೊಡನೆ ಫೋನ್ ಕಿವಿಗೆ. ಮನೆಗೆ ದಿನಕ್ಕೆ ಆರು ಕರೆ. ಶುಕ್ರವಾರ ರಾತ್ರಿ ರೈಲು ಹತ್ತಿದರೆ ವಾಪಸು ಸೋಮವಾರ ಬೆಳಿಗ್ಗೆ. ರೈಲು ತಡವಾದರೆ ಮೊದಲೆರಡು ಪೀರಿಯಡ್ ಹೋದಂತೆಯೇ. ಸಹಪಾಠಿಗಳ ಜೊತೆ ವಾರವಿಡೀ ಆಡಿದ ಮಾತು ಒಟ್ಟು ಮುಕ್ಕಾಲು ಗಂಟೆ.

ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜಿನಂತೆ, ಪರಿಚಯ ಸಾಧಾರಣ ಗೆಳೆತನವಾಗಲು ಸುಮಾರು 50 ಗಂಟೆ, ಆಪ್ತತೆಗೆ 200ಕ್ಕೂ ಹೆಚ್ಚು ಗಂಟೆ ಒಡನಾಟ ಬೇಕು. ಅಮೆರಿಕದ ಲೆಕ್ಕ ನಮ್ಮ ಹಾಸ್ಟೆಲಿಗೆ ಹಾಗೆಹಾಗೇ ಹೊಂದಬೇಕೆಂದಿಲ್ಲ. ಆದರೆ ಮಂಜುವಿನ ವೇಗದಲ್ಲಿ 50 ಗಂಟೆ ತುಂಬಲು ವರ್ಷ ದಾಟುತ್ತದೆ. ಜೊತೆಯಲ್ಲಿ ಕೆಲಸ ಮಾಡಿದ ಸಮಯಕ್ಕಿಂತ ಸುಮ್ಮನೆ ಕೂಡಿ ಕಳೆದ ಸಮಯಕ್ಕೇ ತೂಕ ಹೆಚ್ಚು ಎಂದೂ ಅದೇ ಅಧ್ಯಯನ ಹೇಳುತ್ತದೆ. ಹಾಸ್ಟೆಲಿನಲ್ಲಿ ಅಂಥ ಸಮಯ ಸಿಗುವುದು ಶನಿವಾರ, ಭಾನುವಾರ. ಆಗ ಇವನು ಊರಲ್ಲಿ. ಕೆಟ್ಟದ್ದು ಸ್ವಭಾವವಲ್ಲ, ವೇಳಾಪಟ್ಟಿ.

ನಗುವಿನ ವಿಷಯವನ್ನು ಬಿಡಿಸಿ ಕೇಳಿದೆವು: ಯಾರು ನಕ್ಕರು, ಯಾವ ಮಾತಿಗೆ? ಮೆಸ್ಸಿನಲ್ಲಿ "ಉಳ್ಳಾಗಡ್ಡಿ ಐತೇನ್ರಿ" (ಈರುಳ್ಳಿ ಇದೆಯಾ) ಎಂದಿದ್ದನಂತೆ. ನಕ್ಕವರಲ್ಲಿ ಒಬ್ಬ ಮಂಗಳೂರು ಕಡೆಯವನು, ಅವನ ಮನೆಯಲ್ಲಿ ಅದು ನೀರುಳ್ಳಿ! ಭಾಷೆ ಬದಲಿಸಬೇಡ ಎಂದೆವು. ಬದಲಿಸಿದವರು ಪ್ರತಿ ವಾಕ್ಯವನ್ನೂ ತೂಗಿ ಆಡುತ್ತಾ ಇನ್ನಷ್ಟು ಮೌನಿಗಳಾಗುತ್ತಾರೆ. ಬದಲಿಗೆ ಒಂದು ಮರುಪ್ರಶ್ನೆ: "ನಿಮ್ಮ ಕಡೆ ಏನಂತೀರಿ?" ಬೇಡವೆಂದ ಮೇಲೂ ಆಡಿಕೊಂಡರೆ ಅದು ತಮಾಷೆಯಲ್ಲ, ವಾರ್ಡನ್‌ಗೆ ಹೇಳಬೇಕು.

ಮಾಡಲು ಕೊಟ್ಟದ್ದು ಇಷ್ಟು. ಊರಿಗೆ ಮೂರು ವಾರಕ್ಕೊಮ್ಮೆ. ಮನೆಗೆ ರಾತ್ರಿ ಒಂಬತ್ತೂವರೆಗೆ ಒಂದೇ ಕರೆ, ಇಪ್ಪತ್ತು ನಿಮಿಷ. ಇದಕ್ಕೆ ತಾಯಿಯನ್ನು ಒಪ್ಪಿಸದೆ ಆಗದು, ಆದ್ದರಿಂದ ಅವನೆದುರಿಗೇ ಫೋನಿನಲ್ಲಿ ಮಾತಾಡಿದೆವು. "ಉಂಡಾನೋ ಇಲ್ಲೋ ಅನ್ನೋದೇ ಚಿಂತಿರಿ" ಎಂದರು. ಊಟ ಆದ ತಕ್ಷಣ ಒಂದು ಮೆಸೇಜ್ ಹಾಕುವುದೆಂದು ತೀರ್ಮಾನವಾಯಿತು. ಮೆಸ್ಸಿಗೆ ಎಂಟು ಗಂಟೆಗೆ, ದಿನವೂ ಅದೇ ಟೇಬಲ್. ಮೊದಲ ವಾರ ಕೂತು ಉಂಡರೆ ಸಾಕು. ಮುಖ ಪರಿಚಯವಾಗದೆ ಮಾತು ಹುಟ್ಟುವುದಿಲ್ಲ. ಲ್ಯಾಬ್ ಬ್ಯಾಚಿನಲ್ಲಿ ವಾರವಾರವೂ ಅದೇ ನಾಲ್ವರು ಇರುತ್ತಾರೆ. ಅಲ್ಲಿ ಸಣ್ಣದೊಂದು ಸಹಾಯ ಕೇಳುವುದು: "ಮೂರನೇ ಪ್ರಯೋಗದ ರೀಡಿಂಗ್ ತೋರಿಸ್ತೀಯಾ?" ಎರಡು ಸಲ ಮಾತಾದ ಮೇಲೆ ಕರೆಯುವುದು. "ಯಾವಾಗಾದರೂ ಸಿಗೋಣ" ಎಂದರೆ ಯಾರೂ ಸಿಗುವುದಿಲ್ಲ; "ಐದಕ್ಕೆ ಗೇಟಿನ ಹತ್ತಿರ ಚಹಾ" ಎಂದರೆ ಬರುತ್ತಾರೆ. ಒಬ್ಬರೇ ಎರಡು ಸಲ ಬರಲ್ಲವೆಂದರೆ ಕಾರಣ ಕೆದಕದೆ ಇನ್ನೊಬ್ಬರನ್ನು ಕರೆಯುವುದು.

ಇದು ಶುರುವಾದ ಮೂರನೇ ವಾರ ಎಡವಿದ. ಮೂರು ದಿನ ಆರು ಜನರ ಚಹಾ-ಬಜ್ಜಿಗೆ ತಾನೇ ದುಡ್ಡು ಕೊಟ್ಟ. ನಾಲ್ಕನೇ ದಿನ ಕೈ ಖಾಲಿಯಾಗಿ ರೂಮಿನಲ್ಲೇ ಕೂತ. ಕೊಡಿಸಿದವನಿಗೆ ನಿರೀಕ್ಷೆ ಹುಟ್ಟುತ್ತದೆ, ತಿಂದವರಿಗೆ ಮುಜುಗರ. ಅವರವರ ಚಹಾಕ್ಕೆ ಅವರವರೇ ಕೊಡಲಿ, ಇಲ್ಲವೇ ಸರದಿ ಇರಲಿ ಎಂದೆವು. ಅದೇ ವಾರ ನಾಲ್ಕು ಕ್ಲಬ್ಬಿಗೆ ಹೆಸರು ಕೊಟ್ಟು ಎಲ್ಲೂ ನಿಲ್ಲದಾಗಿದ್ದ. ಮೂರು ಬಿಡಿಸಿ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಒಂದನ್ನು ಉಳಿಸಿದೆವು: ವರ್ಷಕ್ಕೆ 120 ಗಂಟೆ, ಏಳು ದಿನದ ಶಿಬಿರ, ಅವವೇ ಮುಖಗಳು. ಗಿಡ ನೆಡುವಾಗ, ಬಡಿಸುವಾಗ ಕೈಗೆ ಕೆಲಸವಿರುವುದರಿಂದ ಮಾತಿನ ಭಾರವೂ ಕಡಿಮೆ.

ಹತ್ತನೇ ವಾರಕ್ಕೆ ಜೊತೆಗಾರರು ಇಬ್ಬರಾಗಿದ್ದರು: ಲ್ಯಾಬಿನವನೊಬ್ಬ, ನೀರುಳ್ಳಿಯವನೊಬ್ಬ. ಸೋಮವಾರದ ಹಾಜರಾತಿ ಸರಿಹೋಗಿದೆ. ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಈಗಲೂ ಒಂದಕ್ಷರ ಬರೆಯುವುದಿಲ್ಲ. ಅದನ್ನು ಸದ್ಯಕ್ಕೆ ಮುಟ್ಟಿಲ್ಲ.