ಒಬ್ಬ ಗಣಿತ ಮಾಷ್ಟ್ರಿಗಾಗಿ ಹೈಕೋರ್ಟಿಗೆ

"ಕೇರಳದಲ್ಲಿದ್ದೀರಿ, ಮಲಯಾಳ ಕಲಿತರೆ ಆಯ್ತಲ್ವಾ? ಶಾಲೆ ವಿಷಯಕ್ಕೆಲ್ಲ ಕೋರ್ಟಿಗೆ ಯಾಕೆ ಹೋಗ್ತೀರಿ?" ಅಂತ ಕರ್ನಾಟಕದಲ್ಲಿರುವ ನೀನು ಕೇಳಿದೆ. ಕಾಸರಗೋಡಿನವರಿಗೆ ಮಲಯಾಳ ಬರುವುದಿಲ್ಲ ಅಂತ ನಿನಗೆ ಯಾರು ಹೇಳಿದ್ದು ಮಾರಾಯ? ಮನೆಯಲ್ಲಿ ತುಳು, ಅಂಗಡಿಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ. ಅದರಲ್ಲಿ ನಮಗೇನೂ ಗೊಂದಲವಿಲ್ಲ. 1956ರ ನವೆಂಬರ್ 1ಕ್ಕೆ ನಾವು ಗಂಟುಮೂಟೆ ಕಟ್ಟಿ ಇಲ್ಲಿಗೆ ಬಂದವರಲ್ಲ. ಇದ್ದಲ್ಲೇ ಇದ್ದೆವು, ತಾಲೂಕೇ ಕೇರಳಕ್ಕೆ ಸೇರಿತು. ಗೋವಿಂದ ಪೈಗಳ ಮಂಜೇಶ್ವರಕ್ಕೆ ಬಂದು "ಇಲ್ಲೂ ಕನ್ನಡ ಉಂಟಾ?" ಅಂತ ಆಶ್ಚರ್ಯಪಡುವವರಿಗೆ ಈಗೀಗ ನಾನು ಉತ್ತರ ಕೊಡುವುದಿಲ್ಲ, ಚಹಾ ಕೊಟ್ಟು ಕಳಿಸುತ್ತೇನೆ.

ತಕರಾರು ಇರುವುದು ಮಾಷ್ಟ್ರ ವಿಷಯದಲ್ಲಿ. ಕನ್ನಡ ಮಾಧ್ಯಮದ ಹೈಸ್ಕೂಲಿಗೆ ಗಣಿತಕ್ಕೆ ಹೊಸಬರು ಬರುತ್ತಾರೆ. ಗಣಿತ ಚೆನ್ನಾಗಿ ಗೊತ್ತು, ಕನ್ನಡ ಗೊತ್ತಿಲ್ಲ. ಪಾಪ, ಅವರ ತಪ್ಪಲ್ಲ, ಕಳಿಸಿದವರದ್ದು. ಪಕ್ಕದ ಮನೆಯ ಹುಡುಗಿಯ ಪುಸ್ತಕ ನೋಡಿದೆ. ಎಡಪುಟದಲ್ಲಿ ಕ್ಲಾಸಿನಲ್ಲಿ ಕೇಳಿದ ಮಲಯಾಳ, ಕನ್ನಡ ಅಕ್ಷರದಲ್ಲಿ ಗೀಚಿದ್ದು. ಬಲಪುಟದಲ್ಲಿ ಟ್ಯೂಷನ್ ಅಕ್ಕ ಅದನ್ನೇ ಕನ್ನಡ ಮಾಡಿ ಬರೆಸಿದ್ದು. ಒಂದೇ ಲೆಕ್ಕವನ್ನು ಎರಡೆರಡು ಸಲ ಕಲಿಯಬೇಕು. ಪರೀಕ್ಷೆಯ ಪ್ರಶ್ನೆಪತ್ರಿಕೆ ಮಾತ್ರ ಕನ್ನಡದಲ್ಲೇ ಬರುತ್ತದೆ!

ಮನವಿ ಆಯಿತು, ಧರಣಿ ಆಯಿತು. ಕೊನೆಗೆ ಪಿ.ಟಿ.ಎ.ಯವರು, ಅಂದರೆ ಶಾಲೆಯ ಹೆತ್ತವರ ಮತ್ತು ಮಾಷ್ಟ್ರುಗಳ ಸಂಘದವರು, ರಾತ್ರಿ ರೈಲು ಹತ್ತಿ ಎರ್ನಾಕುಳಕ್ಕೆ, ಹೈಕೋರ್ಟಿಗೆ. ಕಾನೂನು ನಮ್ಮ ಪರ ಇಲ್ಲ ಅಂತಲ್ಲ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಸಲು ವ್ಯವಸ್ಥೆ ಮಾಡಿ ಅನ್ನುತ್ತದೆ. ಆದರೆ ಅದು ಪ್ರಾಥಮಿಕ ಹಂತಕ್ಕೆ. ಹೈಸ್ಕೂಲಿನ ಹೊಸಿಲಲ್ಲಿ ಆ ವಿಧಿ ನಿಂತುಬಿಡುತ್ತದೆ. 2002ರಲ್ಲಿ ಟಿ.ಎಂ.ಎ. ಪೈ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅಲ್ಪಸಂಖ್ಯಾತರು ಯಾರು ಅನ್ನುವುದನ್ನು ರಾಜ್ಯವಾರು ನೋಡಬೇಕು ಅಂದಿತು. ಹಾಗಾಗಿ ಊರಿಡೀ ಕನ್ನಡದವರೇ ಇದ್ದರೂ ಕಾಗದದಲ್ಲಿ ನಾವು ಅಲ್ಪಸಂಖ್ಯಾತರು. ಕೇಳಲಿಕ್ಕೆ ಬೇಜಾರು, ಕೋರ್ಟಿನಲ್ಲಿ ಅದೇ ಆಸರೆ. ಇನ್ನೊಂದು ಕಡೆ, 2004ರಲ್ಲಿ ಮುಂಬೈಯ ಗುಜರಾತಿ ಶಾಲೆಗಳ ಪ್ರಕರಣದಲ್ಲಿ, ರಾಜ್ಯದ ಭಾಷೆಯನ್ನು ಶಾಲೆಯಲ್ಲಿ ಒಂದು ವಿಷಯವಾಗಿ ಕಡ್ಡಾಯ ಮಾಡಬಹುದು ಅಂತ ತೀರ್ಪು ಬಂತು. ಕೇರಳ 2017ರಲ್ಲಿ ಮಲಯಾಳ ಕಲಿಕೆಗೆ ಕಾಯ್ದೆಯನ್ನೇ ತಂದಿತು. ಒಂದು ಭಾಷೆ ಜಾಸ್ತಿ ಕಲಿಯುವುದಕ್ಕೆ ನನ್ನ ಅಡ್ಡಿಯಿಲ್ಲ. ಗಣಿತ ಕನ್ನಡದಲ್ಲಿ ಸಿಗಲಿ, ಅಷ್ಟೇ.

ಕೋರ್ಟು ನಮ್ಮ ಮಾತು ಕೇಳಿತು ಅಂತಲೇ ಇಟ್ಟುಕೋ. ಮಧ್ಯಂತರ ಆದೇಶ ಬರುವುದು ಆ ಶಾಲೆಗೆ, ಆ ಒಂದು ಹುದ್ದೆಗೆ. ನೇಮಕಾತಿಯ ನಿಯಮ ಇದ್ದ ಹಾಗೇ ಇರುತ್ತದೆ. ಮುಂದಿನ ಶಾಲೆಯವರು ಮತ್ತೆ ಅರ್ಜಿ ಹಾಕಬೇಕು, ಮತ್ತೆ ಚಂದಾ ಎತ್ತಬೇಕು. ಅಂತಿಮ ತೀರ್ಪಿನ ಹೊತ್ತಿಗೆ ಆ ಮಕ್ಕಳು ಶಾಲೆಯನ್ನೇ ಬಿಟ್ಟಿರುತ್ತಾರೆ.

ನಿಮ್ಮ ಕಡೆಯವರೂ ಕೋರ್ಟಿಗೆ ಹೋದವರೇ. 2014ರಲ್ಲಿ ಸುಪ್ರೀಂ ಕೋರ್ಟು, ಮಾಧ್ಯಮದ ಆಯ್ಕೆ ಹೆತ್ತವರದ್ದು, ಸರ್ಕಾರ ಮಾತೃಭಾಷೆಯನ್ನು ಹೇರುವಂತಿಲ್ಲ ಅಂದಾಗ ಸೋತದ್ದು ಕರ್ನಾಟಕ ಸರ್ಕಾರ. ನಾವು ಅದೇ ಆಯ್ಕೆಯನ್ನು ಕನ್ನಡಕ್ಕಾಗಿ ಮಾಡಿದವರು. ನೀನು ನಮ್ಮನ್ನೇ ಜಗಳಗಂಟರು ಅಂತೀಯ.

ನಿನ್ನೆ ಆಚೆ ಊರಿನವರು ಫೋನ್ ಮಾಡಿ ವಕೀಲರ ನಂಬರ್ ಕೇಳಿದರು. ಅವರಿಗೆ ಬಂದಿರುವುದು ಸಮಾಜ ವಿಜ್ಞಾನದ ಮಾಷ್ಟ್ರಂತೆ.